ಗಿಡ ನೆಟ್ಟ ಅಕ್ವೇರಿಯಂನಲ್ಲಿ ಮೀನುಗಳು ಏಕಾಏಕಿ ಸತ್ತರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮೀನು ಸತ್ತ ದಿನ ಯಾರಿಗೂ ತಲೆ ಓಡುವುದಿಲ್ಲ. ಅಂಗಡಿಗೆ ಫೋನ್ ಮಾಡುತ್ತೇವೆ, ಅವರು ಯಾವುದೋ ನೀಲಿ ಔಷಧಿಯ ಹೆಸರು ಹೇಳುತ್ತಾರೆ, ತಂದು ಸುರಿಯುತ್ತೇವೆ. ಸಂಜೆಯೊಳಗೆ ಉಳಿದವೂ ಹೋಗುತ್ತವೆ. ಹನ್ನೆರಡು ವರ್ಷದಿಂದ ಬೆಂಗಳೂರಿನಲ್ಲಿ ಗಿಡದ ಟ್ಯಾಂಕ್ ಇಟ್ಟುಕೊಂಡಿದ್ದೇನೆ. ಈ ತಪ್ಪನ್ನು ನಾನೂ ಮಾಡಿದ್ದೇನೆ, ಬೇರೆಯವರು ಮಾಡಿದ್ದನ್ನೂ ತುಂಬಾ ಸಲ ನೋಡಿದ್ದೇನೆ. ಒಂದೇ ರಾತ್ರಿಯಲ್ಲಿ ಹಲವು ಮೀನು ಸತ್ತಿದ್ದರೆ ಕಾರಣ ರೋಗವಾಗಿರುವುದು ಬಹಳ ಕಡಿಮೆ. ನೀರು, ಗಾಳಿ ಅಥವಾ ವಿಷ, ಈ ಮೂರರಲ್ಲಿ ಒಂದಾಗಿರುತ್ತದೆ. ಯಾವುದು ಅಂತ ತಿಳಿಯಲು ಔಷಧಿ ಡಬ್ಬಿಗಿಂತ ಗಡಿಯಾರ ಜಾಸ್ತಿ ಸಹಾಯ ಮಾಡುತ್ತದೆ.

ರಾತ್ರಿ ಚೆನ್ನಾಗಿದ್ದವು, ಬೆಳಗ್ಗೆ ಎದ್ದು ನೋಡಿದರೆ ಅರ್ಧ ಮೀನು ಸತ್ತಿವೆ. ಈಗಲೇ ಏನು ಮಾಡಲಿ?

ಗಿಡಗಳಿಗೆಂದು ಸಿಒ2 (ಕಾರ್ಬನ್ ಡೈಆಕ್ಸೈಡ್ ಗ್ಯಾಸ್) ಹಾಕುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ. ಏರ್ ಪಂಪ್ ಇದ್ದರೆ ಹಾಕಿ. ಇಲ್ಲದಿದ್ದರೆ ಫಿಲ್ಟರ್ ಪೈಪನ್ನು ಮೇಲಕ್ಕೆತ್ತಿ, ನೀರು ಮೇಲಿಂದ ಬಿದ್ದು ಕದಡುವ ಹಾಗೆ ಮಾಡಿ. ಇವೆರಡರಿಂದ ಯಾವ ಸಂದರ್ಭದಲ್ಲೂ ಕೆಟ್ಟದ್ದಾಗುವುದಿಲ್ಲ. ಆದ್ದರಿಂದ ಕಾರಣ ಗೊತ್ತಾಗುವ ತನಕ ಕಾಯಬೇಡಿ. ಒಂದೇ ಎಚ್ಚರಿಕೆ, ಮನೆಯಲ್ಲಿ ಸೊಳ್ಳೆ ಸ್ಪ್ರೇ ಅಥವಾ ಪೇಂಟ್ ವಾಸನೆ ಇದ್ದರೆ ಮೊದಲು ಕಿಟಕಿ ತೆಗೆದು, ಆಮೇಲೆ ಏರ್ ಪಂಪ್ ಹಾಕಿ.

ನೀರಿಗೆ ಕೈ ಹಾಕುವ ಮೊದಲು ಹೀಟರ್ ಮತ್ತು ಪಂಪಿನ ಪ್ಲಗ್ ತೆಗೆಯಿರಿ. ಒಡೆದ ಹೀಟರೇ ಮೀನು ಸಾಯಲು ಕಾರಣವಾಗಿದ್ದರೆ ನಿಮಗೂ ಶಾಕ್ ಹೊಡೆಯಬಹುದು.

ಆಮೇಲೆ ಬಹಳ ಜನ ಮರೆಯುವ ಕೆಲಸ ಒಂದಿದೆ. ನೀರು ಬದಲಾಯಿಸುವ ಮೊದಲು ಒಂದು ಶುದ್ಧ ಬಾಟಲಿಯಲ್ಲಿ ಟ್ಯಾಂಕಿನ ನೀರನ್ನು ತುಂಬಿ, ಮುಚ್ಚಳ ಬಿಗಿ ಮಾಡಿ ಇಟ್ಟುಕೊಳ್ಳಿ. ಅರ್ಧ ನೀರು ಚೆಲ್ಲಿದ ಮೇಲೆ ಪರೀಕ್ಷೆ ಮಾಡಿದರೆ ಸಾಕ್ಷಿಯೇ ಇರುವುದಿಲ್ಲ. ಸತ್ತ ಮೀನುಗಳನ್ನು ತೆಗೆದು ಎಣಿಸಿ. ಎಣಿಕೆ ಕಡಿಮೆ ಬಂದರೆ ಗಿಡಗಳ ಬುಡದಲ್ಲಿ, ಕಟ್ಟಿಗೆಯ ಹಿಂದೆ, ಫಿಲ್ಟರ್ ಬಾಯಲ್ಲಿ ಹುಡುಕಿ. ದಟ್ಟವಾದ ಗಿಡದ ಮಧ್ಯೆ ಕೊಳೆಯುವ ಒಂದು ದೊಡ್ಡ ಮೀನು ಸಣ್ಣ ಟ್ಯಾಂಕನ್ನು ಪೂರ್ತಿ ಕೆಡಿಸುತ್ತದೆ.

ಇಷ್ಟಾದ ಮೇಲೆ ನೀರು ಬದಲಾಯಿಸುವುದು. ಸಾಮಾನ್ಯವಾಗಿ ಅರ್ಧದಷ್ಟು ಬದಲಾಯಿಸಬಹುದು. ಆದರೆ ಹಾಕುವ ನೀರು ಸರಿ ಇದೆ ಅಂತ ಖಾತ್ರಿ ಇರಬೇಕು. ನಿನ್ನೆ ನೀರು ಬದಲಾಯಿಸಿದ್ದರಿಂದಲೇ ಸತ್ತಿದ್ದರೆ, ಅದೇ ನಲ್ಲಿಯ ನೀರನ್ನು ಇವತ್ತು ಮತ್ತೆ ಹಾಕುವುದು ಉರಿಯುವ ಮನೆಗೆ ಎಣ್ಣೆ ಸುರಿದ ಹಾಗೆ. ಎರಡು ಮೂರು ವರ್ಷ ಹಳೆಯ ಟ್ಯಾಂಕ್ ಆಗಿದ್ದರೆ ಮೊದಲು ಪಿಎಚ್ (ನೀರು ಎಷ್ಟು ಹುಳಿ ಅನ್ನುವ ಅಳತೆ, ಅಂಕ ಇಳಿದಷ್ಟೂ ಹುಳಿ ಜಾಸ್ತಿ) ನೋಡಿ. ಯಾಕೆ ಅಂತ ಕೆಳಗೆ ಹೇಳಿದ್ದೇನೆ.

ಊಟ ಹಾಕಬೇಡಿ. ಔಷಧಿಯನ್ನೂ ಹಾಕಬೇಡಿ.

ಕಾರಣ ಯಾವುದು ಅಂತ ಕಂಡುಹಿಡಿಯುವುದು ಹೇಗೆ?

ನಾಲ್ಕು ವಿಷಯ ಒಂದು ಕಾಗದದಲ್ಲಿ ಬರೆಯಿರಿ. ಎಷ್ಟು ಹೊತ್ತಿಗೆ ಸತ್ತವು, ಯಾವುವು ಮೊದಲು ಸತ್ತವು, ಯಾವುವು ಉಳಿದಿವೆ, ಕಳೆದ ಎರಡು ದಿನದಲ್ಲಿ ಟ್ಯಾಂಕಿಗೆ ಅಥವಾ ಆ ಕೋಣೆಗೆ ಏನು ಹೊಸದಾಗಿ ಬಂತು.

ಹೊತ್ತು ತುಂಬಾ ಹೇಳುತ್ತದೆ. ಬೆಳಗಿನ ಜಾವ ಸತ್ತರೆ ಆಮ್ಲಜನಕದ ಕೊರತೆಯ ಅನುಮಾನ. ದೀಪ ಹಾಕಿ ಮೂರು ನಾಲ್ಕು ಗಂಟೆ ಕಳೆದ ಮೇಲೆ, ಮಧ್ಯಾಹ್ನದ ಹೊತ್ತಿಗೆ ಬಾಯಿ ಬಿಡುತ್ತಿದ್ದರೆ ಸಿಒ2 ಜಾಸ್ತಿಯಾಗಿದೆ. ನೀರು ಬದಲಾಯಿಸಿ ಕೆಲವೇ ನಿಮಿಷದಲ್ಲಿ ಒದ್ದಾಡಿದರೆ ಕ್ಲೋರಿನ್ ಅಥವಾ ತಣ್ಣೀರು. ಇವತ್ತು ಒಂದು, ನಾಳೆ ಎರಡು ಅಂತ ಹೋದರೆ ಮೀನಿನ ಗಲೀಜಿನಿಂದ ಆಗುವ ಅಮೋನಿಯಾ, ನೈಟ್ರೈಟ್ ಅಥವಾ ರೋಗ.

ಯಾರು ಉಳಿದರು ಅನ್ನುವುದು ಇನ್ನೂ ಒಳ್ಳೆಯ ಸಾಕ್ಷಿ. ಬೆಟ್ಟಾ (ಫೈಟರ್ ಮೀನು), ಗೌರಾಮಿಗಳು ನೀರಿನ ಮೇಲೆ ಬಂದು ಗಾಳಿಯನ್ನೇ ನೇರವಾಗಿ ಉಸಿರಾಡಬಲ್ಲವು. ತಳದಲ್ಲಿ ಓಡಾಡುವ ಕೋರಿಡೋರಾಸ್ ಮೀನು ಕೂಡ ಮೇಲೆ ಬಂದು ಗಾಳಿ ನುಂಗುತ್ತದೆ. ಟೆಟ್ರಾಗಳೆಲ್ಲ ಸತ್ತು ಗೌರಾಮಿ ಆರಾಮಾಗಿ ಓಡಾಡುತ್ತಿದ್ದರೆ ನೀರಿನಲ್ಲಿ ಆಮ್ಲಜನಕ ಇರಲಿಲ್ಲ ಅಂತ ಧೈರ್ಯವಾಗಿ ಹೇಳಬಹುದು. ಸಿಗಡಿ, ಬಸವನಹುಳು ಮೊದಲು ಸತ್ತು ಮೀನು ಆಮೇಲೆ ಸತ್ತರೆ ತಾಮ್ರ ಅಥವಾ ಕೀಟನಾಶಕ. ಮೀನು ಸತ್ತು ಬಸವನಹುಳುಗಳು ಗಾಜಿನ ಮೇಲೆ, ನೀರಿನ ಅಂಚಿಗೆ ಹತ್ತಿ ಕೂತಿದ್ದರೂ ನೀರಿನೊಳಗೆ ಉಸಿರಿಗೆ ತೊಂದರೆ ಅಂತಲೇ ಅರ್ಥ. ದೊಡ್ಡ ಮೀನುಗಳು ಮೊದಲು, ಸಣ್ಣವು ಆಮೇಲೆ ಸತ್ತರೆ ಅದೂ ಆಮ್ಲಜನಕದ ಕಡೆಗೇ ಬೆರಳು ತೋರಿಸುತ್ತದೆ.

ಇನ್ನೊಂದು, ರಮ್ಮಿ ನೋಸ್ ಟೆಟ್ರಾ ಸಾಕಿದ್ದರೆ ಅದರ ಮೂಗನ್ನು ದಿನಾ ನೋಡುವ ಅಭ್ಯಾಸ ಮಾಡಿಕೊಳ್ಳಿ. ನೀರು ಹದಗೆಟ್ಟರೆ ಆ ಕೆಂಪು ಮಾಸುತ್ತದೆ. ಎಷ್ಟೋ ಸಲ ಟೆಸ್ಟ್ ಕಿಟ್‌ಗಿಂತ ಮೊದಲು ನನಗೆ ಸುದ್ದಿ ಕೊಟ್ಟಿದ್ದು ಆ ಮೂಗು.

ಗಿಡಗಳು ಆಮ್ಲಜನಕ ಕೊಡುತ್ತವೆ ಅಲ್ವಾ? ಮತ್ತೆ ಗಿಡ ಜಾಸ್ತಿ ಇರುವ ಟ್ಯಾಂಕಿನಲ್ಲಿ ಆಮ್ಲಜನಕ ಹೇಗೆ ಕಡಿಮೆಯಾಗುತ್ತದೆ?

ಕೊಡುತ್ತವೆ, ದೀಪ ಇರುವಷ್ಟು ಹೊತ್ತು. ದೀಪ ಆರಿದ ಮೇಲೆ ಗಿಡಗಳೂ ಮೀನಿನ ಹಾಗೆಯೇ ಉಸಿರಾಡುತ್ತವೆ, ನೀರಿನ ಆಮ್ಲಜನಕವನ್ನೇ ಬಳಸುತ್ತವೆ. ಮಣ್ಣಿನಲ್ಲಿರುವ, ಫಿಲ್ಟರಿನಲ್ಲಿರುವ ಬ್ಯಾಕ್ಟೀರಿಯಾಗಳಿಗೂ ಅದೇ ಬೇಕು. ಹೀಗೆ ರಾತ್ರಿಯಿಡೀ ಖರ್ಚಾಗಿ, ದೀಪ ಹಾಕುವ ಸ್ವಲ್ಪ ಮೊದಲು ಅತಿ ಕಡಿಮೆ ಮಟ್ಟಕ್ಕೆ ಬರುತ್ತದೆ. ಬೆಳಗ್ಗೆ ಎದ್ದಾಗ ಸತ್ತಿರುವುದು ಇದೇ ಕಾರಣಕ್ಕೆ.

ಬೆಂಗಳೂರಿನವರು ಇನ್ನೊಂದು ಗಮನಿಸಬೇಕು. ಸಮುದ್ರ ಮಟ್ಟದಲ್ಲಿ 25 ಡಿಗ್ರಿಯ ನೀರು ಒಂದು ಲೀಟರಿನಲ್ಲಿ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. ನಾವಿರುವುದು 900 ಮೀಟರಿಗಿಂತ ಎತ್ತರದಲ್ಲಿ. ಗಾಳಿಯ ಒತ್ತಡ ಇಲ್ಲಿ ಹತ್ತು ಪರ್ಸೆಂಟ್‌ನಷ್ಟು ಕಡಿಮೆ. ಹಾಗಾಗಿ ಅದೇ ನೀರು ಇಲ್ಲಿ ಏಳೂವರೆಯನ್ನೂ ಮುಟ್ಟುವುದಿಲ್ಲ. ಮಂಗಳೂರು, ಕಾರವಾರದವರಿಗೆ ಎತ್ತರದ ತೊಂದರೆ ಇಲ್ಲ, ಆದರೆ ಸೆಕೆ ಇದೆ. 30 ಡಿಗ್ರಿಗೆ ಅಲ್ಲಿಯೂ ಸುಮಾರು ಏಳೂವರೆಗೇ ಇಳಿಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇಬ್ಬರಿಗೂ ಕಷ್ಟವೇ.

ನೀರಿನ ಮೇಲೆ ಎಣ್ಣೆಯ ಹಾಗೆ ತೆಳುವಾದ ಪದರ ಕಟ್ಟಿದೆಯಾ ನೋಡಿ. ಆ ಪದರ ಗಾಳಿ ಒಳಗೆ ಹೋಗದ ಹಾಗೆ ತಡೆಯುತ್ತದೆ. ಒಂದು ಪೇಪರ್ ಟವೆಲ್ ಅನ್ನು ನೀರಿನ ಮೇಲೆ ಮಲಗಿಸಿ ಎತ್ತಿದರೆ ಅಂಟಿಕೊಂಡು ಬರುತ್ತದೆ. ಫಿಲ್ಟರ್ ನೀರು ಮೇಲ್ಮೈಯನ್ನು ಸಣ್ಣಗೆ ಅಲುಗಿಸುತ್ತಿದ್ದರೆ ಪದರ ಕಟ್ಟುವುದೇ ಇಲ್ಲ. "ಅಲುಗಿಸಿದರೆ ಸಿಒ2 ಹೋಗಿಬಿಡುತ್ತದೆ" ಅಂತ ಹೆದರಿ ಮೇಲ್ಮೈಯನ್ನು ಕನ್ನಡಿಯ ಹಾಗೆ ಇಡುವವರಿದ್ದಾರೆ. ದಯವಿಟ್ಟು ಬೇಡ. ಸ್ವಲ್ಪ ಗ್ಯಾಸ್ ಜಾಸ್ತಿ ಖರ್ಚಾದರೆ ಆಗಲಿ, ಮೀನು ಉಸಿರಾಡಲಿ.

ಪಶ್ಚಿಮ ಘಟ್ಟದ ಹೊಳೆಗಳ ಡೆನಿಸನ್ ಬಾರ್ಬ್, ಅಂದರೆ ಅಂಗಡಿಯಲ್ಲಿ ಮಿಸ್ ಕೇರಳ ಅನ್ನುವ ಮೀನು, ಇಂಥ ಟ್ಯಾಂಕಿನಲ್ಲಿ ಮೊದಲು ಹೋಗುತ್ತದೆ. ಹರಿಯುವ ತಂಪು ನೀರಿನಲ್ಲಿ ಬೆಳೆದ ಜೀವ ಅದು. ನಮ್ಮದೇ ನಾಡಿನ ಮೀನು ಅಂತ ಪ್ರೀತಿಯಿಂದ ತರುವವರು ಆ ಹರಿವನ್ನೂ ಕೊಡಬೇಕು.

ಸಿಒ2 ಜಾಸ್ತಿಯಾಗಿ ಸತ್ತಿವೆ ಅಂತ ಹೇಗೆ ಗೊತ್ತಾಗುತ್ತದೆ?

ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ, ಕಿವಿರು ಬೇಗಬೇಗ ಆಡಿಸುತ್ತವೆ. ಆಮೇಲೆ ಅಮಲು ಬಂದವರ ಹಾಗೆ ಒಂದು ಕಡೆ ವಾಲುತ್ತವೆ. ಸಿಗಡಿಗಳು ಕದಲುವುದಿಲ್ಲ. ಇದರ ಒಳ್ಳೆಯ ಗುಣ ಅಂದರೆ, ಗ್ಯಾಸ್ ನಿಲ್ಲಿಸಿ ಗಾಳಿ ಕೊಟ್ಟರೆ ಬದುಕಿರುವ ಮೀನುಗಳು ಅರ್ಧ ಗಂಟೆ, ಒಂದು ಗಂಟೆಯಲ್ಲಿ ಚೇತರಿಸಿಕೊಳ್ಳುತ್ತವೆ. ವಿಷವಾಗಿದ್ದರೆ ಹಾಗೆ ಬೇಗ ಚೇತರಿಸಿಕೊಳ್ಳುವುದಿಲ್ಲ. ಆ ಚೇತರಿಕೆಯೇ ನಿಮ್ಮ ಉತ್ತರ.

ಸಿಒ2 ಅನ್ನು ಸಾಮಾನ್ಯವಾಗಿ 30 ಪಿಪಿಎಂ (ಲೀಟರಿಗೆ 30 ಮಿಲಿಗ್ರಾಂ) ಒಳಗೆ ಇಟ್ಟುಕೊಳ್ಳುತ್ತಾರೆ. ಅಳೆಯಲು ಸುಲಭದ ದಾರಿ ಪಿಎಚ್. ಟ್ಯಾಂಕಿನ ನೀರನ್ನು ಒಂದು ಲೋಟದಲ್ಲಿ ಒಂದು ದಿನ ತೆರೆದಿಡಿ, ಗ್ಯಾಸ್ ಎಲ್ಲ ಹೋಗುತ್ತದೆ. ಅದರ ಪಿಎಚ್ 7.6 ಇದ್ದು, ಮಧ್ಯಾಹ್ನ ಟ್ಯಾಂಕಿನಲ್ಲಿ 6.6 ಬಂದರೆ ಒಂದು ಪೂರ್ತಿ ಅಂಕ ಇಳಿದಿದೆ. ಅಂದರೆ ಸಿಒ2 ಹತ್ತು ಪಟ್ಟು ಏರಿದೆ, ಸುಮಾರು 30 ಪಿಪಿಎಂ ಹತ್ತಿರ ಇದೆ. ಪಿಎಚ್ ಅನ್ನು ಅದಕ್ಕಿಂತ ಕೆಳಗೆ ಇಳಿಸಬೇಡಿ.

ಏಕಾಏಕಿ ಜಾಸ್ತಿಯಾಗಲು ಮೂರು ಕಾರಣ ನಾನು ನೋಡಿದ್ದೇನೆ. ಮೊದಲನೆಯದು ಸಿಲಿಂಡರ್ ಖಾಲಿಯಾಗುವ ಹೊತ್ತು. ಖಾಲಿಯಾಗುವಾಗ ಗ್ಯಾಸ್ ಕಡಿಮೆ ಬರಬೇಕು ಅಂತ ನಮಗೆ ಅನ್ನಿಸುತ್ತದೆ. ಆದರೆ ಅಗ್ಗದ ಸಿಂಗಲ್ ಸ್ಟೇಜ್ ರೆಗ್ಯುಲೇಟರಿನಲ್ಲಿ ಉಲ್ಟಾ ಆಗುತ್ತದೆ. ಒಳಗಿನ ದ್ರವ ಮುಗಿದು ಸಿಲಿಂಡರಿನ ಒತ್ತಡ ಇಳಿಯುತ್ತಿದ್ದಂತೆ ಹೊರಗೆ ಬರುವ ಒತ್ತಡ ಏರುತ್ತದೆ. ಎಣಿಸಿ ಇಟ್ಟ ಗುಳ್ಳೆಗಳು ಧಾರೆಯಾಗಿ ಸುರಿಯುತ್ತವೆ. ಮೀಟರಿನ ಮುಳ್ಳು ಇಳಿಯಲು ಶುರುವಾದ ದಿನವೇ ಸಿಲಿಂಡರ್ ತುಂಬಿಸಿಕೊಂಡು ಬನ್ನಿ. ಎರಡನೆಯದು ಸೊಲೆನಾಯ್ಡ್ (ಕರೆಂಟಿನಿಂದ ಗ್ಯಾಸ್ ತೆರೆದು ಮುಚ್ಚುವ ವಾಲ್ವ್) ಅಂಟಿಕೊಂಡು ರಾತ್ರಿಯಿಡೀ ಗ್ಯಾಸ್ ಬರುವುದು. ಮೂರನೆಯದು ಸಕ್ಕರೆ ಮತ್ತು ಯೀಸ್ಟ್ ಹಾಕಿದ ಬಾಟಲಿ. ಅದಕ್ಕೆ ಸ್ವಿಚ್ ಇಲ್ಲ, ಹಗಲು ರಾತ್ರಿ ಬರುತ್ತಲೇ ಇರುತ್ತದೆ, ಸೆಕೆ ಏರಿದರೆ ಇನ್ನೂ ಜಾಸ್ತಿ. ಅದನ್ನು ಬಳಸುವವರು ರಾತ್ರಿ ಏರ್ ಪಂಪ್ ಹಾಕಲೇಬೇಕು.

ಡ್ರಾಪ್ ಚೆಕರ್ ಹಸಿರು ಬಣ್ಣದಲ್ಲೇ ಇತ್ತು. ಆದರೂ ಸತ್ತವಲ್ಲ?

ಡ್ರಾಪ್ ಚೆಕರ್ ಅಂದರೆ ಸಿಒ2 ಎಷ್ಟಿದೆ ಅಂತ ಬಣ್ಣದಲ್ಲಿ ತೋರಿಸುವ, ಟ್ಯಾಂಕಿನೊಳಗೆ ಅಂಟಿಸುವ ಸಣ್ಣ ಬುರುಡೆ. ಹಸಿರು ಅಂದರೆ ಸರಿ, ಹಳದಿ ಅಂದರೆ ಜಾಸ್ತಿ. ಆದರೆ ಅದು ಒಂದೆರಡು ಗಂಟೆ ಹಿಂದಿನ ಸುದ್ದಿ ಹೇಳುತ್ತದೆ. ನೀರಿನಿಂದ ಗ್ಯಾಸ್ ಒಳಗಿನ ಗಾಳಿಗೆ ಬಂದು, ಅಲ್ಲಿಂದ ಬಣ್ಣದ ದ್ರವಕ್ಕೆ ಸೇರಲು ಅಷ್ಟು ಹೊತ್ತು ಬೇಕು. ಅದು ಹಳದಿಯಾಗುವ ಹೊತ್ತಿಗೆ ಮೀನು ಸತ್ತಿರುತ್ತದೆ. ಜೊತೆಗೆ ಒಳಗೆ 4 ಡಿಗ್ರಿ ಕೆಎಚ್ (ಪಿಎಚ್ ಕುಸಿಯದಂತೆ ತಡೆಯುವ ಕಾರ್ಬೊನೇಟಿನ ಅಳತೆ) ದ್ರಾವಣವನ್ನೇ ಹಾಕಿದ್ದೀರಾ ನೋಡಿ. ಟ್ಯಾಂಕಿನ ನೀರನ್ನೇ ಹಾಕಿದ್ದರೆ ಆ ಹಸಿರಿಗೆ ಅರ್ಥವಿಲ್ಲ.

ನೀರು ಬದಲಾಯಿಸಿದ ದಿನವೇ ಸತ್ತವು. ಪ್ರತಿ ವಾರ ಇದೇ ನಲ್ಲಿ ನೀರು ಹಾಕುತ್ತೇನೆ. ಇವತ್ತು ಮಾತ್ರ ಏನಾಯ್ತು?

ನಲ್ಲಿ ಅದೇ, ನೀರು ಅದೇ ಅಲ್ಲ. ನಮ್ಮ ಊರುಗಳಲ್ಲಿ ಇದನ್ನು ಯಾವಾಗಲೂ ನೆನಪಿಟ್ಟುಕೊಳ್ಳಬೇಕು. ಒಂದು ವಾರ ಕಾವೇರಿ, ಇನ್ನೊಂದು ವಾರ ಬೋರ್‌ವೆಲ್, ಬೇಸಿಗೆಯಲ್ಲಿ ಟ್ಯಾಂಕರ್. ಎಲ್ಲವೂ ಒಂದೇ ಸಂಪಿಗೆ ಬಂದು ಬೀಳುತ್ತವೆ.

ನನ್ನ ಮೂರಡಿ ಟ್ಯಾಂಕಿನ ಕಥೆ ಹೇಳುತ್ತೇನೆ. ಒಂದು ಭಾನುವಾರ ಸಂಜೆ ಎಂದಿನಂತೆ ಅರ್ಧ ನೀರು ಬದಲಾಯಿಸಿದೆ. ಆ್ಯಂಟಿ ಕ್ಲೋರಿನ್ ಕೂಡ ಎಂದಿನಷ್ಟೇ ಹನಿ ಹಾಕಿದ್ದೆ. ಹತ್ತು ನಿಮಿಷದಲ್ಲಿ ಟೆಟ್ರಾಗಳು ಗಾಜಿಗೆ ಡಿಕ್ಕಿ ಹೊಡೆಯಲು ಶುರು ಮಾಡಿದವು. ಒಂದು ಗಂಟೆಯೊಳಗೆ ಇಪ್ಪತ್ತೆರಡು ಸತ್ತವು. ಮಗಳು ಪಕ್ಕದಲ್ಲೇ ನಿಂತು ಎಣಿಸುತ್ತಿದ್ದಳು, ಆ ಸಂಜೆ ಮರೆಯಲು ಆಗುವುದಿಲ್ಲ. ಮರುದಿನ ಗೊತ್ತಾಯಿತು, ಶನಿವಾರ ನಮ್ಮ ಕಟ್ಟಡದ ಸಂಪ್ ತೊಳೆದು ಬ್ಲೀಚಿಂಗ್ ಪೌಡರ್ ಹಾಕಿದ್ದರು. ಕುಡಿಯುವ ನೀರಿನಲ್ಲಿ ಉಳಿದಿರಬೇಕಾದ ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂ ಅಂತ ನಮ್ಮ ದೇಶದ ಮಾನದಂಡ ಹೇಳುತ್ತದೆ. ಅಷ್ಟೇ ಇದ್ದರೂ ಮೀನಿನ ಕಿವಿರಿಗೆ ಒಳ್ಳೆಯದಲ್ಲ. ಸಂಪ್ ತೊಳೆದ ಮರುದಿನದ ನೀರಿನಲ್ಲಿ ಅದರ ಹಲವು ಪಟ್ಟು ಇರಬಹುದು. ಎಂದಿನ ಹನಿ ಎಲ್ಲಿ ಸಾಕಾಗುತ್ತದೆ?

ಅವತ್ತಿನಿಂದ ಎರಡು ಕೆಲಸ ಮಾಡುತ್ತೇನೆ. ಸಂಪ್ ತೊಳೆಯುವ ದಿನ ಯಾವುದು ಅಂತ ನೋಡಿಕೊಳ್ಳುವವರನ್ನು ಕೇಳಿ ಬರೆದಿಡುತ್ತೇನೆ. ಹಾಕುವ ನೀರನ್ನು ಕ್ಲೋರಿನ್ ಟೆಸ್ಟ್ ಸ್ಟ್ರಿಪ್‌ನಿಂದ ನೋಡದೆ ಹಾಕುವುದಿಲ್ಲ. ಸ್ಟ್ರಿಪ್ ಇಲ್ಲದಿದ್ದರೆ ನೀರನ್ನು ಅಗಲ ಬಾಯಿಯ ಡ್ರಮ್ಮಿನಲ್ಲಿ ಏರ್ ಸ್ಟೋನ್ ಹಾಕಿ ಒಂದು ದಿನ ಇಡಿ. ಕ್ಲೋರಿನ್ ಹಾರಿಹೋಗುತ್ತದೆ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಅಲ್ಲಿನ ಹಲವು ಊರುಗಳಲ್ಲಿ ಕ್ಲೋರಿನ್ ಬದಲು ಕ್ಲೋರಮೈನ್ ಹಾಕುತ್ತಾರೆ. ಅದು ಹೀಗೆ ರಾತ್ರಿಯಿಟ್ಟರೆ ಹೋಗುವುದಿಲ್ಲ. ಅದಕ್ಕೆ ಕಂಡಿಷನರ್ (ಕ್ಲೋರಮೈನನ್ನೂ ತೆಗೆಯುವ ದ್ರವ) ಬೇಕೇ ಬೇಕು.

ಬೋರ್‌ವೆಲ್ ನೀರಿನ ತೊಂದರೆ ಬೇರೆ. ಆಗ ತಾನೇ ಮೇಲೆ ಬಂದ ನೀರಿನಲ್ಲಿ ಆಮ್ಲಜನಕ ತುಂಬಾ ಕಡಿಮೆ ಇರಬಹುದು, ಸಿಒ2 ಜಾಸ್ತಿ ಇರಬಹುದು. ಒಂದು ದಿನ ಗಾಳಿಯಾಡಲು ಬಿಟ್ಟರೆ ಎರಡೂ ಸರಿಹೋಗುತ್ತವೆ. ಗಡಸುತನ ಮಾತ್ರ ಹಾಗೇ ಉಳಿಯುತ್ತದೆ. ಆರ್‌ಒ ನೀರಿಗೆ ಒಗ್ಗಿದ ಮೀನಿಗೆ ಒಮ್ಮೆಲೇ ಅರ್ಧ ಟ್ಯಾಂಕ್ ಬೋರ್ ನೀರು ಹಾಕಿದರೆ ಅದರ ಮೈ ತಡೆಯುವುದಿಲ್ಲ.

ಡಿಸೆಂಬರ್, ಜನವರಿಯಲ್ಲಿ ಬೆಳಗ್ಗೆ ಮೇಲಿನ ಟ್ಯಾಂಕಿನ ನೀರು ಮುಟ್ಟಿ ನೋಡಿ. ಕೈ ಜುಮ್ ಅನ್ನುತ್ತದೆ. ಮೀನು ಆಗ 26 ಡಿಗ್ರಿಯಲ್ಲಿ ಇರುತ್ತದೆ. ಮಧ್ಯಾಹ್ನದ ಮೇಲೆ ಬದಲಾಯಿಸಿ, ಅಥವಾ ಸ್ವಲ್ಪ ಬಿಸಿನೀರು ಬೆರೆಸಿ.

ಎರಡು ವರ್ಷದಿಂದ ಎಲ್ಲ ಚೆನ್ನಾಗಿತ್ತು. ತಿಂಗಳುಗಟ್ಟಲೆ ನೀರು ಬದಲಾಯಿಸಿರಲಿಲ್ಲ. ಪಾಪ ಅಂತ ಒಂದು ದಿನ ಅರ್ಧ ಬದಲಾಯಿಸಿದೆ, ಎಲ್ಲ ಸತ್ತವು. ಇದು ಹೇಗೆ?

ತುಂಬಾ ಬೇಜಾರಿನ ಸಂಗತಿ ಇದು, ಯಾಕೆಂದರೆ ಒಳ್ಳೆಯದು ಮಾಡಲು ಹೋಗಿ ಆದದ್ದು. ಒಳಗೆ ಏನು ನಡೆಯಿತು ಅಂತ ನಿಧಾನವಾಗಿ ಹೇಳುತ್ತೇನೆ.

ಮೀನಿನ ಗಲೀಜಿನಿಂದ ಅಮೋನಿಯಾ ಬರುತ್ತದೆ. ಫಿಲ್ಟರಿನ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಈ ಕೆಲಸದಲ್ಲಿ ನೀರಿನ ಕೆಎಚ್ ಖರ್ಚಾಗುತ್ತದೆ. ಹೊಸ ನೀರು ಬರುತ್ತಿದ್ದರೆ ಕೆಎಚ್ ಮತ್ತೆ ತುಂಬುತ್ತದೆ. ಬರದಿದ್ದರೆ ನಿಧಾನವಾಗಿ ಸೊನ್ನೆಯಾಗಿ ಪಿಎಚ್ ಕುಸಿಯುತ್ತದೆ. 6ರ ಕೆಳಗೆ ಬಂದರೆ ಆ ಬ್ಯಾಕ್ಟೀರಿಯಾಗಳು ಹೆಚ್ಚುಕಡಿಮೆ ಕೆಲಸ ನಿಲ್ಲಿಸುತ್ತವೆ. ಅಮೋನಿಯಾ ಕೂಡುತ್ತಾ ಹೋಗುತ್ತದೆ. ಆದರೂ ಮೀನು ಸಾಯುವುದಿಲ್ಲ, ಯಾಕೆಂದರೆ ಹುಳಿ ನೀರಿನಲ್ಲಿ ಅದು ಅಮೋನಿಯಂ ರೂಪದಲ್ಲಿ ಇರುತ್ತದೆ, ಅದರ ವಿಷ ತುಂಬಾ ಕಡಿಮೆ.

ಈಗ ಪಿಎಚ್ 8 ಇರುವ ಬೋರ್ ನೀರನ್ನು ಅರ್ಧ ಟ್ಯಾಂಕ್ ಹಾಕಿದಿರಿ. ಪಿಎಚ್ ಒಮ್ಮೆಲೇ ಏರಿತು. 25 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷದ ಪಾಲು ಸಾವಿರಕ್ಕೆ ಆರರಷ್ಟು. ಪಿಎಚ್ 8 ಆದರೆ ನೂರಕ್ಕೆ ಐದು. ಅಂದರೆ ಹತ್ತು ಪಟ್ಟು ಹತ್ತಿರ. ತಿಂಗಳುಗಟ್ಟಲೆ ಕೂಡಿದ್ದೆಲ್ಲ ಒಂದೇ ಗಂಟೆಯಲ್ಲಿ ವಿಷವಾಗಿ ಎದ್ದಿತು.

ಆದ್ದರಿಂದಲೇ ಹಳೆಯ, ಬಿಟ್ಟುಹಾಕಿದ ಟ್ಯಾಂಕನ್ನು ಸರಿ ಮಾಡುವಾಗ ದಿನಕ್ಕೆ ಹತ್ತು ಪರ್ಸೆಂಟ್‌ನಷ್ಟೇ ನೀರು ಬದಲಾಯಿಸಿ, ಪಿಎಚ್ ನೋಡುತ್ತಾ ಒಂದೆರಡು ವಾರ ತೆಗೆದುಕೊಳ್ಳಿ.

ಹೊಸ ಟ್ಯಾಂಕ್, ತುಂಬಾ ಗಿಡ ನೆಟ್ಟಿದ್ದೇನೆ. ಗಿಡ ಇದ್ದರೆ ಸೈಕಲ್ ಮಾಡುವುದು (ಮೀನು ಬಿಡುವ ಮೊದಲು ಫಿಲ್ಟರಿನ ಬ್ಯಾಕ್ಟೀರಿಯಾ ಬೆಳೆಸುವುದು) ಬೇಡ ಅಂತಾರಲ್ಲ?

ಬೇಗ ಬೆಳೆಯುವ ಗಿಡಗಳು ಅಮೋನಿಯಾವನ್ನು ಹೀರುತ್ತವೆ ನಿಜ. ಆದರೆ ನೆಟ್ಟ ಮೊದಲ ಎರಡು ಮೂರು ವಾರ ಅವೇ ಬೇರು ಬಿಡಲು ಕಷ್ಟಪಡುತ್ತಿರುತ್ತವೆ. ಹಳೆಯ ಎಲೆಗಳು ಕರಗುತ್ತವೆ, ಕ್ರಿಪ್ಟೋಕೊರಿನ್ ಗಿಡ ಅಂತೂ ಎಷ್ಟೋ ಸಲ ಪೂರ್ತಿ ಕರಗಿಬಿಡುತ್ತದೆ. ಅಕ್ವೇರಿಯಂ ಗಿಡಗಳಿಗೆಂದು ಮಾರುವ ಮಣ್ಣು, ಅಂದರೆ ಆಕ್ವಾ ಸಾಯಿಲ್‌ಗಳಲ್ಲಿ ಹಲವು, ಮೊದಲ ವಾರಗಳಲ್ಲಿ ತಾವೇ ಅಮೋನಿಯಾ ಬಿಡುತ್ತವೆ. ಇನ್ನು ನಮ್ಮಲ್ಲಿ ಖರ್ಚು ಉಳಿಸಲು ಕೆಂಪು ಮಣ್ಣಿನ ಜೊತೆ ಎರೆಗೊಬ್ಬರ ಬೆರೆಸಿ ತಳಕ್ಕೆ ಹಾಕುತ್ತಾರೆ. ಸ್ವಲ್ಪ ಹಾಕಿ ಮೇಲೆ ಮರಳು ದಪ್ಪಗೆ ಮುಚ್ಚಿದರೆ ಗಿಡ ಸೊಗಸಾಗಿ ಬರುತ್ತದೆ. ಜಾಸ್ತಿ ಹಾಕಿದರೆ ಅದು ಕೊಳೆಯುತ್ತಾ ಅಮೋನಿಯಾ ಬಿಡುತ್ತದೆ, ಆಮ್ಲಜನಕವನ್ನೂ ತಿನ್ನುತ್ತದೆ. ಹಸಿ ಸಗಣಿ ಗೊಬ್ಬರವಂತೂ ಬೇಡವೇ ಬೇಡ.

ನಾಲ್ಕರಿಂದ ಆರು ವಾರ ಕಾಯಿರಿ. ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆ ಬಂದು, ಒಂದು ವಾರ ಹಾಗೇ ನಿಂತ ಮೇಲೆ ಮೀನು ಬಿಡಿ.

ಅಮೋನಿಯಾ ಸೊನ್ನೆ ಬಂತು, ಆದರೂ ಬಾಯಿ ಬಿಡುತ್ತಿವೆ.

ನೈಟ್ರೈಟ್ ನೋಡಿ. ಅದು ರಕ್ತಕ್ಕೆ ಸೇರಿ ಆಮ್ಲಜನಕ ಹೊರುವ ಶಕ್ತಿಯನ್ನೇ ಕಿತ್ತುಕೊಳ್ಳುತ್ತದೆ. ನೀರಿನಲ್ಲಿ ಗಾಳಿ ಬೇಕಾದಷ್ಟಿದ್ದರೂ ಮೀನು ಉಸಿರುಕಟ್ಟಿ ಸಾಯುತ್ತದೆ. ಆಗ ತಾನೇ ಸತ್ತ ಮೀನಿನ ಕಿವಿರು ಎತ್ತಿ ನೋಡಿದರೆ ಕೆಂಪಿನ ಬದಲು ಕಾಫಿ ಕಂದು ಬಣ್ಣ ಕಾಣುತ್ತದೆ. ನೀರು ಬದಲಾಯಿಸುವುದರ ಜೊತೆಗೆ 100 ಲೀಟರಿಗೆ ಒಂದು ಟೀ ಚಮಚ ಕಲ್ಲುಪ್ಪು ಕರಗಿಸಿ ಹಾಕಿ. ಉಪ್ಪಿನ ಕ್ಲೋರೈಡ್ ಕಿವಿರಿನಲ್ಲಿ ನೈಟ್ರೈಟಿಗೆ ದಾರಿ ಬಿಡುವುದಿಲ್ಲ. ಅಷ್ಟು ಉಪ್ಪಿನಿಂದ ಗಿಡಕ್ಕೆ ಏನೂ ಆಗುವುದಿಲ್ಲ.

ಸಿಗಡಿಗಳೆಲ್ಲ ಸತ್ತವು, ಮೀನುಗಳು ಪರವಾಗಿಲ್ಲ. ಯಾಕೆ?

ಹೊಸ ಗಿಡ ತಂದಿರಾ? ನರ್ಸರಿಯಲ್ಲಿ ಕೀಟನಾಶಕ ಹೊಡೆದ ಗಿಡವನ್ನು ಸರಿಯಾಗಿ ತೊಳೆಯದೆ ನೆಟ್ಟರೆ ಹೀಗಾಗುತ್ತದೆ. ಒಂದು ವಾರ ಬೇರೆ ಬಕೆಟ್ಟಿನಲ್ಲಿ ಇಟ್ಟು, ದಿನಾ ನೀರು ಬದಲಾಯಿಸಿ, ಆಮೇಲೆ ಟ್ಯಾಂಕಿಗೆ ತನ್ನಿ. ಇನ್ನೊಂದು ಅನುಮಾನ ತಾಮ್ರ. ಮೀನಿನ ಕೆಲವು ಔಷಧಿಗಳಲ್ಲಿ ತಾಮ್ರ ಇರುತ್ತದೆ. ಹೊಲಕ್ಕೆ ಹಾಕುವ ಗೊಬ್ಬರವನ್ನು ಅಂದಾಜಿನಲ್ಲಿ ಕರಗಿಸಿ ಹಾಕುವವರೂ ಇದ್ದಾರೆ, ಅದರಲ್ಲೂ ಇರಬಹುದು. ತಾಮ್ರದ ಬಿಂದಿಗೆಯಲ್ಲಿ ರಾತ್ರಿಯಿಟ್ಟ ನೀರು ನಮಗೆ ಒಳ್ಳೆಯದು ಅಂತ ಟ್ಯಾಂಕಿಗೂ ಹಾಕಬೇಡಿ.

ಸೊಳ್ಳೆ ಸ್ಪ್ರೇ ಹೊಡೆದರೆ ಮೀನಿಗೆ ತೊಂದರೆಯಾ?

ಆಗುತ್ತದೆ, ತುಂಬಾ. ಸೊಳ್ಳೆ, ಜಿರಳೆ ಸ್ಪ್ರೇಗಳಲ್ಲಿ ಸಾಮಾನ್ಯವಾಗಿ ಪೈರೆಥ್ರಾಯ್ಡ್ ಜಾತಿಯ ವಿಷ ಇರುತ್ತದೆ. ನಮ್ಮ ಮೈ ಅದನ್ನು ಬೇಗ ಒಡೆದುಹಾಕುತ್ತದೆ, ಮೀನಿಗೆ ಆ ಶಕ್ತಿ ತುಂಬಾ ಕಡಿಮೆ. ಒಂದು ಲೀಟರಿನಲ್ಲಿ ಮೈಕ್ರೋಗ್ರಾಂ ಲೆಕ್ಕದಲ್ಲಿ ಸೇರಿದರೂ ಸಾಯುತ್ತದೆ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ತಳ್ಳುವುದರಿಂದ ಮುಚ್ಚಳ ಹಾಕಿದ್ದರೂ ಸಾಲದು. ಮೀನುಗಳು ಸುತ್ತಿ ಸುತ್ತಿ ಈಜುತ್ತವೆ, ನಡುಗುತ್ತವೆ, ಬಾಗಿದಂತಾಗಿ ಬೀಳುತ್ತವೆ. ಬೀದಿಯಲ್ಲಿ ಫಾಗಿಂಗ್ ಗಾಡಿ ಬಂದಾಗ ಕಿಟಕಿ ಮುಚ್ಚಿ, ಏರ್ ಪಂಪ್ ಆರಿಸಿ, ಟ್ಯಾಂಕಿನ ಮೇಲೆ ಒದ್ದೆ ಬಟ್ಟೆ ಹೊದಿಸಿ. ಹೊಗೆ ಹೋದ ಮೇಲೆ ಮತ್ತೆ ಹಾಕಿ. ಈಗಾಗಲೇ ವಿಷ ಸೇರಿದ್ದರೆ ದೊಡ್ಡ ನೀರು ಬದಲಾವಣೆ ಮತ್ತು ಫಿಲ್ಟರಿಗೆ ಹೊಸ ಆಕ್ಟಿವೇಟೆಡ್ ಕಾರ್ಬನ್, ಇವೆರಡೇ ದಾರಿ.

ಕರೆಂಟ್ ಬಂದ ಮೇಲೆ ಸತ್ತವು, ಹೋದಾಗ ಅಲ್ಲ.

ಕ್ಯಾನಿಸ್ಟರ್ ಫಿಲ್ಟರ್ (ಟ್ಯಾಂಕಿನ ಹೊರಗಿಡುವ ಮುಚ್ಚಿದ ಡಬ್ಬಿ) ಇರಬೇಕು ನಿಮ್ಮದು. ನೀರು ನಿಂತ ಕೆಲವು ಗಂಟೆಯಲ್ಲಿ ಅದರೊಳಗಿನ ಆಮ್ಲಜನಕ ಮುಗಿಯುತ್ತದೆ, ಬ್ಯಾಕ್ಟೀರಿಯಾಗಳು ಸಾಯಲು ಶುರುವಾಗುತ್ತವೆ, ಗಲೀಜು ಕೊಳೆಯುತ್ತದೆ. ಕರೆಂಟ್ ಬಂದೊಡನೆ ಆ ನಾರುವ ನೀರೆಲ್ಲ ಟ್ಯಾಂಕಿಗೆ ಬರುತ್ತದೆ. ಮಂಗಳೂರಿನ ಗೆಳೆಯರೊಬ್ಬರು ಮಳೆಗಾಲದ ಒಂದು ರಾತ್ರಿ ಹೀಗೆಯೇ ಏಂಜೆಲ್ ಮೀನಿನ ಜೋಡಿಯನ್ನು ಕಳೆದುಕೊಂಡರು. ನಾಲ್ಕೈದು ಗಂಟೆಗಿಂತ ಜಾಸ್ತಿ ಹೋಗಿದ್ದರೆ ಫಿಲ್ಟರ್ ಬಿಚ್ಚಿ, ಒಳಗಿನ ನೀರು ಚೆಲ್ಲಿ, ಮೀಡಿಯಾವನ್ನು (ಒಳಗಿನ ಸ್ಪಂಜು ಇತ್ಯಾದಿ) ಟ್ಯಾಂಕಿನ ನೀರಿನಲ್ಲಿ ಅಲ್ಲಾಡಿಸಿ ತೊಳೆದು ಮತ್ತೆ ಹಾಕಿ. ಬ್ಯಾಟರಿಯ ಏರ್ ಪಂಪ್ ಒಂದು ಮನೆಯಲ್ಲಿರಲಿ. ಯುಪಿಎಸ್ ಇದ್ದರೆ ಲೈಟನ್ನು ಬಿಟ್ಟು ಏರ್ ಪಂಪನ್ನು ಮಾತ್ರ ಅದಕ್ಕೆ ಸೇರಿಸಿ, ರಾತ್ರಿಯಿಡೀ ಎಳೆಯುತ್ತದೆ.

ಪಾಚಿಗೆ ಔಷಧಿ ಹಾಕಿದ ಎರಡನೇ ದಿನ ಸತ್ತವು. ಔಷಧಿಯ ತಪ್ಪಾ?

ಅಳತೆ ಮೀರಿ ಹಾಕಿದ್ದರೆ ಹೌದು. ಲಿಕ್ವಿಡ್ ಕಾರ್ಬನ್ ಅಂತ ಮಾರುವ ಹಲವು ದ್ರವಗಳಲ್ಲಿರುವುದು ಗ್ಲುಟರಾಲ್ಡಿಹೈಡ್, ಸೋಂಕು ಕೊಲ್ಲುವ ರಾಸಾಯನಿಕ ಅದು. ಆದರೆ ಸರಿಯಾದ ಅಳತೆಯಲ್ಲಿ ಹಾಕಿದರೂ ಸಾಯಬಹುದು. ರಾಶಿ ಪಾಚಿ ಒಟ್ಟಿಗೆ ಸತ್ತು ಕೊಳೆಯುವಾಗ ಆಮ್ಲಜನಕ ಬರಿದಾಗುತ್ತದೆ. ಮೊದಲು ಕೈಯಲ್ಲಿ ಆದಷ್ಟು ತೆಗೆಯಿರಿ, ಆಮೇಲೆ ಔಷಧಿ, ಜೊತೆಗೆ ಏರ್ ಪಂಪ್.

ದೊಡ್ಡ ಸ್ವೋರ್ಡ್ ಗಿಡವನ್ನು ಬೇರು ಸಮೇತ ಕಿತ್ತ ಮೇಲೂ ಹೀಗಾಗುತ್ತದೆ. ತಳದಲ್ಲಿ ಕಪ್ಪು ಮಣ್ಣು, ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಹೈಡ್ರೋಜನ್ ಸಲ್ಫೈಡ್ ಅನ್ನುವ ವಿಷದ ಗ್ಯಾಸ್. ಹಳೆಯ ಗಿಡವನ್ನು ಕೀಳುವ ಬದಲು ಬುಡದಲ್ಲಿ ಕತ್ತರಿಸಿಬಿಡಿ. ಕೀಳಲೇಬೇಕಾದರೆ ಸ್ವಲ್ಪ ಸ್ವಲ್ಪವೇ ಎಳೆದು, ಎದ್ದ ಕೊಳೆಯನ್ನು ಪೈಪಿನಿಂದ ಹೀರುತ್ತಾ ಹೋಗಿ.

ಹಳೆಯ ಮೀನುಗಳು ಸರಿ ಇವೆ, ನಿನ್ನೆ ತಂದವು ಮಾತ್ರ ಸತ್ತವು.

ನಮ್ಮ ಅಂಗಡಿಗಳಿಗೆ ಅನೇಕ ಮೀನುಗಳು ಚೆನ್ನೈನ ಕೊಳತ್ತೂರು ಅಥವಾ ಕೋಲ್ಕತ್ತದ ಕಡೆಯಿಂದ ಬರುತ್ತವೆ. ದಾರಿಯಲ್ಲೇ ಬಸವಳಿದಿರುತ್ತವೆ. ಅಂಗಡಿಯಲ್ಲಿ ಒಂದು ವಾರ ನಿಂತ ಮೀನನ್ನೇ ತನ್ನಿ. ಕೊರಿಯರ್‌ನಲ್ಲಿ ಬಂದಿದ್ದರೆ ಚೀಲ ಬಿಚ್ಚಿಟ್ಟುಕೊಂಡು ಗಂಟೆಗಟ್ಟಲೆ ಹನಿ ಹನಿ ನೀರು ಸೇರಿಸಬೇಡಿ. ಮುಚ್ಚಿದ ಚೀಲದಲ್ಲಿ ಸಿಒ2 ತುಂಬಿ ಪಿಎಚ್ ಇಳಿದಿರುತ್ತದೆ, ಅಮೋನಿಯಾ ತೆಪ್ಪಗಿರುತ್ತದೆ. ಬಿಚ್ಚಿದರೆ ಗ್ಯಾಸ್ ಹೋಗಿ ಪಿಎಚ್ ಏರುತ್ತದೆ, ಹಳೆ ಟ್ಯಾಂಕಿನ ಕಥೆಯೇ ಚೀಲದಲ್ಲಿ ನಡೆಯುತ್ತದೆ. ಚೀಲವನ್ನು ಮುಚ್ಚಿದಂತೆಯೇ ತೇಲಿಬಿಟ್ಟು ಬಿಸಿ ಸಮ ಮಾಡಿ, ಬಿಚ್ಚಿ, ಬಲೆಯಲ್ಲಿ ಎತ್ತಿ ಬಿಡಿ. ಚೀಲದ ನೀರು ಟ್ಯಾಂಕಿಗೆ ಬೇಡ.

ಹಾಗಾದರೆ ರೋಗ ಆಗಿರುವ ಸಾಧ್ಯತೆಯೇ ಇಲ್ವಾ?

ಇದೆ. ಬೇಗ ಕೊಲ್ಲುವುದು ಕಾಲಮ್ನಾರಿಸ್ ಅನ್ನುವ ಬ್ಯಾಕ್ಟೀರಿಯಾ ರೋಗ. ಬಾಯಿಯ ಸುತ್ತ ಹತ್ತಿಯಂಥ ಬಿಳಿ, ಬೆನ್ನ ಮೇಲೆ ತಡಿ ಹಾಕಿದ ಹಾಗೆ ಮಾಸಲು ಪಟ್ಟಿ ಕಾಣುತ್ತದೆ. ಬೆಚ್ಚಗಿನ ನೀರಿನಲ್ಲಿ ಒಂದೆರಡು ದಿನದಲ್ಲೇ ಮುಗಿಸಿಬಿಡುತ್ತದೆ. ಬೂಷ್ಟು ಅಂತ ತಿಳಿದು ನೀರನ್ನು ಬಿಸಿ ಮಾಡಿದರೆ ಇನ್ನೂ ಬೇಗ ಹಬ್ಬುತ್ತದೆ. ಇನ್ನೊಂದು ವೆಲ್ವೆಟ್. ಕತ್ತಲಲ್ಲಿ ಟಾರ್ಚ್ ಬಿಟ್ಟರೆ ಮೈಮೇಲೆ ಚಿನ್ನದ ಪುಡಿ ಉದುರಿಸಿದ ಹಾಗೆ ಕಾಣುತ್ತದೆ. ಇಂಥ ಗುರುತು ಕಣ್ಣಿಗೆ ಕಂಡರೆ ಮಾತ್ರ ಆ ಮೀನುಗಳನ್ನು ಬೇರೆ ಟ್ಯಾಂಕಿಗೆ ಹಾಕಿ ಚಿಕಿತ್ಸೆ ಮಾಡಿ. ಮೈ ಶುಭ್ರವಾಗಿದ್ದು ಒಂದೇ ದಿನ ಎಲ್ಲ ಜಾತಿಯ ಮೀನೂ ಸತ್ತಿದ್ದರೆ ರೋಗವನ್ನು ಕೊನೆಗೆ ಇಡಿ.

ಯಾವ ಟೆಸ್ಟ್ ಕಿಟ್ ಕೊಳ್ಳಲಿ?

ಅಮೋನಿಯಾ, ನೈಟ್ರೈಟ್, ಪಿಎಚ್, ಕೆಎಚ್. ಈ ನಾಲ್ಕು ಹನಿ ಹಾಕುವ ದ್ರವದ ಕಿಟ್ ಆಗಿರಲಿ, ಕ್ಲೋರಿನ್‌ಗೆ ಮಾತ್ರ ಸ್ಟ್ರಿಪ್ ಸಾಕು. ಬಾಟಲಿಯ ಮೇಲಿನ ತಾರೀಖು ನೋಡಿ. ಟ್ಯಾಂಕಿನ ನೀರಿನ ಜೊತೆ ನಲ್ಲಿಯ ನೀರನ್ನೂ ಪರೀಕ್ಷೆ ಮಾಡಿ, ಹೋಲಿಸಿದಾಗಲೇ ಗೊತ್ತಾಗುವುದು.

ಸತ್ತ ಮೀನನ್ನು ಯಾರಿಗಾದರೂ ತೋರಿಸಬಹುದಾ?

ತೋರಿಸುವುದಾದರೆ ಆಗ ತಾನೇ ಸತ್ತದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಐಸ್ ಮೇಲೆ ಇಟ್ಟು ಅದೇ ದಿನ ಒಯ್ಯಿರಿ. ಫ್ರೀಜರ್‌ನಲ್ಲಿ ಗಟ್ಟಿ ಮಾಡಿದರೆ ಒಳಗಿನ ಅಂಗಾಂಶ ಹಾಳಾಗುತ್ತದೆ. ಬೆಳಗ್ಗೆ ಸತ್ತು ಸಂಜೆ ತನಕ ಬೆಚ್ಚಗಿನ ನೀರಿನಲ್ಲಿ ತೇಲಿದ ಮೀನಿನಿಂದ ಏನೂ ತಿಳಿಯುವುದಿಲ್ಲ. 1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕಾ ಕಾಲೇಜು, ಬೆಂಗಳೂರಿನ ಹೆಸರಘಟ್ಟದಲ್ಲಿರುವ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯ ಪ್ರಾದೇಶಿಕ ಕೇಂದ್ರ, ಇಂಥ ಕಡೆ ಮೊದಲು ಫೋನ್ ಮಾಡಿ ವಿಚಾರಿಸಿ.

ಆಮೇಲೆ ಮನೆಯ ಕುಂಡದಲ್ಲಿ ಮಣ್ಣು ಮಾಡಿ. ಟ್ಯಾಂಕ್ ಮುಚ್ಚಿಬಿಡೋಣ ಅಂತ ಬೇಜಾರಾದರೂ ಉಳಿದ ಮೀನುಗಳನ್ನು ಕೆರೆಗೆ ಬಿಡಬೇಡಿ. ಹಾಗೆ ಬಿಟ್ಟ ಸಕ್ಕರ್ ಮೀನುಗಳು ದಕ್ಷಿಣ ಭಾರತದ ಎಷ್ಟೋ ಕೆರೆಗಳಲ್ಲಿ ನಾಟಿ ಮೀನುಗಳಿಗೆ ಜಾಗವಿಲ್ಲದಂತೆ ಮಾಡಿವೆ. ಬೇರೆ ಸಾಕುವವರಿಗೆ ಕೊಡಿ.

ಮತ್ತೆ ಯಾವಾಗ ಮೀನು ತರಬಹುದು?

ಕಾರಣ ಕೈಗೆ ಸಿಕ್ಕಿದ್ದರೆ ಎರಡು ವಾರ ಸಾಕು. ಸಿಗದಿದ್ದರೆ ಒಂದು ತಿಂಗಳು ಗಿಡ, ಫಿಲ್ಟರ್ ಮಾತ್ರ ನಡೆಸಿ. ಬ್ಯಾಕ್ಟೀರಿಯಾಗಳು ಹಸಿಯದಂತೆ ಎರಡು ದಿನಕ್ಕೊಮ್ಮೆ ಚಿಟಿಕೆ ಮೀನಿನ ಊಟ ಹಾಕಿ. ಆಮೇಲೆ ನಾಲ್ಕೈದು ಸಣ್ಣ ಮೀನು ಬಿಟ್ಟು, ಮೊದಲ ಮೂರು ದಿನ ದೀಪ ಹಾಕುವ ಮೊದಲು, ಬೆಳಗಿನ ಆರು ಗಂಟೆಗೇ ಎದ್ದು ಒಮ್ಮೆ ನೋಡಿ. ಆ ಹೊತ್ತಿನಲ್ಲಿ ಅವು ನೀರಿನ ಮಧ್ಯದಲ್ಲಿ ಶಾಂತವಾಗಿ ನಿಂತಿದ್ದರೆ ಉಳಿದವನ್ನೂ ತರಬಹುದು.